ಐದನೇ ಫ್ರೆಟ್ ತಪ್ಪಿಸಿ ಬೇಸ್ ಮಾರಿದ್ದು

ನಾನು ಮೂವತ್ತೊಂದನೇ ವಯಸ್ಸಿಗೆ ನಿವೃತ್ತನಾದೆ. ಯಾರೂ ಶಾಲು ಹೊದಿಸಲಿಲ್ಲ, ಗಂಧದ ಹಾರ ಹಾಕಲಿಲ್ಲ, ‘ಇವರ ಸೇವೆ ಅವಿಸ್ಮರಣೀಯ’ ಎನ್ನಲು ಮೈಕಿನ ಮುಂದೆ ಗಂಟಲು ಸರಿಮಾಡಿಕೊಳ್ಳಲಿಲ್ಲ. ಅಂಗಡಿಯ ಮಾಲೀಕರು ಕಟ್ಟಡ ಬಿಟ್ಟುಕೊಟ್ಟರು, ಈಗ ಅಲ್ಲಿ ಶೂ ಮಾರುತ್ತಾರೆ, ಅಷ್ಟೇ. ಆದರೂ ನಿವೃತ್ತರಾದವರಿಗೆ ಎರಡು ಕರ್ತವ್ಯಗಳಿವೆ. ಒಂದು, ಬೆಳಿಗ್ಗೆ ಎದ್ದು ಚಪ್ಪಾಳೆ ತಟ್ಟುತ್ತಾ ನಡೆಯುವುದು. ಇನ್ನೊಂದು, ಅನುಭವ ಬರೆಯುವುದು. ಹಲಸೂರು ಕೆರೆಯ ಸುತ್ತ ಚಪ್ಪಾಳೆಯವರು ಆಗಲೇ ತುಂಬಿಕೊಂಡಿರುವುದರಿಂದ ನಾನು ಬರೆಯಲು ಕೂತಿದ್ದೇನೆ.

ಹತ್ತು ವರ್ಷ ನಾನು ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯಿಂದ ಮೂರು ಗಲ್ಲಿ ಆಚೆ, ಒಂದು ವಾದ್ಯದಂಗಡಿಯಲ್ಲಿ ಗಿಟಾರ್ ಮಾರಿದೆ. ಅದರಲ್ಲೂ ಬೇಸ್ ಗಿಟಾರ್. ತಿಳಿಯದವರಿಗೆ ಹೇಳುವುದಾದರೆ, ನಾಲ್ಕು ದಪ್ಪ ತಂತಿಯದು, ಉದ್ದ ಕತ್ತಿನದು, ಹಾಡಿನ ತಳದಲ್ಲಿ ಗುಂಯ್ ಎನ್ನುತ್ತಿರುವುದು. ಮನೆಯ ಫ್ರಿಜ್ಜಿನ ಸದ್ದಿನ ಹಾಗೆ, ಇರುವಷ್ಟು ಹೊತ್ತು ಯಾರಿಗೂ ಕೇಳಿಸುವುದಿಲ್ಲ. ನಿಂತಾಗ ಮಾತ್ರ ಎಲ್ಲರೂ ‘ಏನೋ ಆಯ್ತಲ್ಲ’ ಎಂದು ತಿರುಗಿ ನೋಡುತ್ತಾರೆ.

ಈಗ ಇಂದಿರಾನಗರದ ಗಾಜಿನ ಶೋರೂಮುಗಳಿಗೆ ಕೆಲಸಕ್ಕೆ ಸೇರುತ್ತಿರುವ ಎಳೆಯರು ಇದನ್ನು ಓದಲಿ ಎಂದು ನನ್ನ ಆಸೆ. ಬಡ್ತಿಯ ವಿಷಯ ಬೇಗ ಮುಗಿಸಿಬಿಡುತ್ತೇನೆ: ಸ್ಟೂಲಿನಲ್ಲಿ ಶುರು ಮಾಡಿದೆ, ಕುರ್ಚಿಯಲ್ಲಿ ಮುಗಿಸಿದೆ, ಸ್ಟೂಲೇ ವಾಸಿಯಿತ್ತು. ಹೇಳಬೇಕಾದ ವಿಷಯ ಬೇರೆ. ನಾನು ಮಾರಿದ ಒಂದು ಕೆಂಪು ಬೇಸಿನಿಂದಾಗಿ ಸುಜಾತಾ ಎಂಬ ಹುಡುಗಿ ತನ್ನ ಹಾಡುತಂಡದ ಜಾಗ ಕಳೆದುಕೊಳ್ಳುವುದರಲ್ಲಿದ್ದಳು. ಕಡಿಮೆ ದುಡ್ಡಿನಲ್ಲಿ ಒಳ್ಳೆಯ ಬೇಸ್ ಆರಿಸುವುದು ಹೇಗೆ ಎಂದು ನನಗೆ ತಿಳಿದದ್ದು ಆಗ. ಮಾರಲು ಶುರು ಮಾಡಿ ಎಂಟು ವರ್ಷವಾದ ಮೇಲೆ.

ಮೊದಲು ನನಗೆ ಕೆಲಸ ಸಿಕ್ಕಿದ್ದು ಹೇಗೆಂದು ಹೇಳಬೇಕು. ಗೆಳೆಯನ ಜೊತೆ ತಂತಿ ಕೊಳ್ಳಲು ಹೋಗಿದ್ದೆ. ಅಂಗಡಿಯ ಮಾಲೀಕರು ಜಯಶೀಲನ್ ಸಾರ್. ಮನೆಯಲ್ಲಿ ತಮಿಳು, ಗಿರಾಕಿಗಳ ಹತ್ತಿರ ಕನ್ನಡ, ಬೆಲೆ ಹೇಳುವಾಗ ಮಾತ್ರ ಇಂಗ್ಲಿಷು. ಬೆಲೆ ಹೇಳುವ ಮೊದಲು ಕನ್ನಡಕ ತೆಗೆದು, ಗಾಜಿನ ಮೇಲೆ ಹಾ ಎಂದು ಊದಿ, ಒರೆಸಿ, ಮತ್ತೆ ಹಾಕಿಕೊಳ್ಳುತ್ತಿದ್ದರು. ಅಷ್ಟರೊಳಗೆ ಗಿರಾಕಿಯ ಎದೆ ಅರ್ಧ ಒಡೆದಿರುತ್ತಿತ್ತು. ನಾನು ಹೊರಗೆ ಬಂದು ಅದನ್ನು ಹಾಗೇ ಮಾಡಿ ತೋರಿಸಿದೆ. ಗೆಳೆಯ ನಗಲಿಲ್ಲ. ಯಾಕೆ ನಗುತ್ತಿಲ್ಲ ಎಂದು ತಿರುಗಿದರೆ ಸಾರ್ ನನ್ನ ಹಿಂದೆಯೇ ನಿಂತಿದ್ದರು.

“ಚೆನ್ನಾಗ್ ಮಾಡ್ತೀಯ,” ಅಂದರು. “ಬೇಸ್ ಗಿಟಾರ್ ಬಾಯಲ್ಲಿ ಬರತ್ತಾ?”

ಭಯದಲ್ಲಿ ಬಾಯಿಂದಲೇ ಎಂಟು ಸಾಲು ಬೇಸ್ ಬಾರಿಸಿದೆ. ನಡುವೆ ತಂತಿ ತಪ್ಪಿದ ಸದ್ದನ್ನೂ ಹಾಕಿದೆ.

“ಕೈಯಲ್ಲಿ?”

“ಸುಮಾರಾಗಿ ಸಾರ್.”

“ಡೇಯ್, ಸೋಮವಾರದಿಂದ ಬಾ. ಬಾಯಿ ಮುಚ್ಕೊಂಡ್ ಬಾ.”

ನನ್ನ ಸಂದರ್ಶನ ಅಷ್ಟೇ. ತರಬೇತಿ ಅದಕ್ಕಿಂತ ಚಿಕ್ಕದು.

“ಹೊಸ ಬೇಸ್ ಬಂದ್ರೆ ಮೊದ್ಲು ಏನ್ ಮಾಡ್ತೀಯ?”

“ಧೂಳು ಒರೆಸ್ತೀನಿ ಸಾರ್.”

“ಧೂಳು ಒರೆಸೋಕೆ ಬಟ್ಟೆ ಇದೆ, ನೀನ್ ಯಾಕೆ? ಎಲ್ಲಾ ತಂತೀಲೂ ಒಂದೊಂದೇ ಫ್ರೆಟ್ ಒತ್ತಿ ನೋಡು. ಕೆಟ್ಟ ಜಾಗ ಎಲ್ಲಿದೆ ಹುಡುಕು.”

“ಹುಡುಕಿ ಸಾರ್?”

“ಹುಡುಕಿ, ಕಸ್ಟಮರ್ ಮುಂದೆ ಅಲ್ಲಿಗೆ ಹೋಗ್ಬೇಡ. ಅಷ್ಟೇ ಡಾ.”

ಫ್ರೆಟ್ ಅಂದರೆ ಗಿಟಾರಿನ ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ. ಅದರ ಹಿಂದೆ ಬೆರಳೊತ್ತಿ ಮೀಟಿದರೆ ಒಂದು ಸ್ವರ. ಬೇಸಿನ ಕತ್ತು ಉದ್ದವಾದ್ದರಿಂದ ಮರ ತನ್ನದೇ ಆಟ ಆಡುತ್ತದೆ. ಒಂದೋ ಎರಡೋ ಜಾಗದಲ್ಲಿ ಸ್ವರ ನಿಲ್ಲುವುದಿಲ್ಲ. ಮೀಟಿದ ಕೂಡಲೇ ‘ಠುಪ್’ ಎಂದು ಸತ್ತುಹೋಗುತ್ತದೆ. ದುಬಾರಿ ಬೇಸಿನಲ್ಲೂ ಇರಬಹುದು, ಅಗ್ಗದ್ದರಲ್ಲೂ ಇರಬಹುದು. ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ.

ಹಲಸೂರಿನ ಆಟೋ ಡ್ರೈವರು ತನ್ನ ರಸ್ತೆಯ ಹಳ್ಳಗಳನ್ನು ನೋಡದೆಯೇ ತಪ್ಪಿಸುತ್ತಾನಲ್ಲ, ಹಾಗೆ ನನ್ನ ಕೈಗೂ ಅಭ್ಯಾಸವಾಯಿತು. ಮಂಗಳವಾರ ಡಬ್ಬಿ ಬಿಚ್ಚಿ ಒಂದು ಸಲ ಹಳ್ಳ ಹುಡುಕಿದರೆ ಸಾಕು, ಶನಿವಾರ ಗಿರಾಕಿಯ ಮುಂದೆ ನಾನು ಏನು ಬಾರಿಸಿದರೂ ಬೆರಳು ಅದನ್ನು ಬಳಸಿಕೊಂಡು ಹೋಗುತ್ತಿತ್ತು. ಜೊತೆಗೆ ಅಂಗಡಿಯಲ್ಲಿ ಒಂದು ದೊಡ್ಡ ಸ್ಪೀಕರ್ ಪೆಟ್ಟಿಗೆ ಇತ್ತು. ಅದಕ್ಕೆ ಹಗ್ಗ ಕಟ್ಟಿದ ಹಲಗೆ ಜೋಡಿಸಿದರೂ ಗಂಭೀರವಾಗಿ ಕೇಳುತ್ತಿತ್ತು. ಗಿರಾಕಿ ಕೊಳ್ಳುತ್ತಿದ್ದದ್ದು ಹದಿಮೂರು ಸಾವಿರದ ಬೇಸು. ಕೇಳಿಸಿಕೊಳ್ಳುತ್ತಿದ್ದದ್ದು ನನ್ನ ಬೆರಳು, ಸಾರ್ ಅವರ ಪೆಟ್ಟಿಗೆ. ಅವೆರಡನ್ನೂ ನಾವು ಪ್ಯಾಕ್ ಮಾಡಿ ಕೊಡುತ್ತಿರಲಿಲ್ಲ.

ಅಂಗಡಿಯ ಅಟ್ಟದ ಮೇಲೆ ರಿಪೇರಿಯ ಅಕ್ರಮ್ ಭಾಯ್ ಕೂರುತ್ತಿದ್ದರು. ಕತ್ತು ಬಾಗಿದ್ದರೆ ನೆಟ್ಟಗೆ ಮಾಡುವುದು, ತಂತಿ ತಗ್ಗಿಸುವುದು, ಇಡೀ ದಿನ ನನ್ನನ್ನು ಬೈಯುವುದು ಅವರ ಕೆಲಸ. ನಾನು ಕೆಳಗೆ ಡೆಮೊ ಕೊಡುತ್ತಿದ್ದರೆ ಮೇಲಿನಿಂದ “ವಾಹ್, ಸರ್ಕಸ್!” ಎಂಬ ಸ್ವರ ಬರುತ್ತಿತ್ತು. ಗಿರಾಕಿ ಅದನ್ನು ಹೊಗಳಿಕೆ ಎಂದು ತಿಳಿದು ಇನ್ನಷ್ಟು ಬೇಗ ಪರ್ಸು ತೆಗೆಯುತ್ತಿದ್ದ.

ಎಡವಟ್ಟುಗಳು ಆಗಲಿಲ್ಲವೆಂದಲ್ಲ. ದಾವಣಗೆರೆ ಕಡೆಯ ಬಸವರಾಜ್ ಎಂಬುವರು, ಮಹದೇವಪುರದಲ್ಲಿ ಆಫೀಸು, ಕಂಪೆನಿಯ ಕಾರ್ಯಕ್ರಮಕ್ಕೆ ಬೇಸ್ ಬೇಕೆಂದು ಬಂದರು. ಕೂರಿಸಿ, ತೊಡೆಯ ಮೇಲೆ ಇಟ್ಟು ಮಾರಿದೆ. ವಾರವಾದ ಮೇಲೆ ಅದೇ ಬೇಸ್ ಹೊತ್ತು ಬಂದರು.

“ನಿಮ್ಮ ಗಿಟಾರು ಭಾಳ ವಿನಯವಂತ ಐತ್ರೀ,” ಅಂದರು.

“ಯಾಕ್ ಸಾರ್?”

“ಸ್ಟೇಜ್ ಮ್ಯಾಲೆ ನಿಂತು, ಚಸ್ಮಾ ಸರಿ ಮಾಡ್ಕೊಳ್ಳಾಕ ಕೈ ಬಿಟ್ನಿ. ಕತ್ತು ಬಾಗಿಸಿ ನಮ್ಮ ಮ್ಯಾನೇಜರ್ ಕಾಲಿಗೇ ಬಿತ್ತು ನೋಡ್ರೀ.”

ಒಡಲು ಹಗುರ, ಕತ್ತು ಭಾರ ಇದ್ದರೆ ಹಾಗಾಗುತ್ತದೆ. ಹೆಗಲಿಗೆ ಪಟ್ಟಿ ಹಾಕಿಸಿ ನಿಲ್ಲಿಸಿ, ಎರಡೂ ಕೈ ಬಿಡಲು ಹೇಳಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು. ನೀವು ಗಿರಾಕಿಯಾಗಿದ್ದರೂ ಅಷ್ಟೇ, ಕೂತು ಕೊಳ್ಳಬೇಡಿ.

ಕಾಲ ಬದಲಾಗಿ ಜನ ಫೋನಿನಲ್ಲಿ ವಿಡಿಯೊ ನೋಡಿಕೊಂಡು ಬರತೊಡಗಿದರು. “ಇದು ಯಾವ ಮರ?” ಎಂದು ಕೇಳುತ್ತಿದ್ದರು. ಮೊದಲೆಲ್ಲ ನನಗೆ ಗಾಬರಿ. ಆಮೇಲೆ ವಿಡಿಯೊದವರ ಹಾಗೇ ಹುಬ್ಬು ಏರಿಸಿ, ಕಣ್ಣು ಅರ್ಧ ಮುಚ್ಚಿ ಯಾವುದೋ ಮರದ ಹೆಸರು ಹೇಳುತ್ತಿದ್ದೆ. ನಾನು ಹೇಳಿದ ಕೆಲವು ಮರ ಲಾಲ್‌ಬಾಗಿನಲ್ಲೂ ಇರಲಿಕ್ಕಿಲ್ಲ. ಆ ಬೆಲೆಯ ಬೇಸಿನಲ್ಲಿ ಕೇಳಬೇಕಾದದ್ದು ಮರದ ಹೆಸರಲ್ಲ, ಕತ್ತು ನೆಟ್ಟಗಿದೆಯೇ, ಶ್ರುತಿ ನಿಲ್ಲುತ್ತದೆಯೇ, ಗುಂಡಿ ತಿರುಗಿಸಿದರೆ ಕರಕರ ಎನ್ನುತ್ತದೆಯೇ ಎಂದು. ಯಾರೂ ಕೇಳುತ್ತಿರಲಿಲ್ಲ. ನಾನೂ ಹೇಳುತ್ತಿರಲಿಲ್ಲ.

ಹೀಗೆ ನಾನು ಕೀರ್ತಿಯ ತುದಿಯಲ್ಲಿದ್ದಾಗ ಒಂದು ಶನಿವಾರ ಸುಜಾತಾ ತನ್ನ ತಾಯಿ ಸರೋಜಮ್ಮನ ಜೊತೆ ಬಂದಳು.

ಸರೋಜಮ್ಮ ಮಹದೇವಪುರದಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿದ್ದರು. ಒಳಗೆ ಬಂದವರೇ ನನ್ನ ಮುಖ ನೋಡಿ, “ನೀನು ಪುಷ್ಪಕ್ಕನ ಮಗ ಗೌತಮ ಅಲ್ವೇನೋ? ಬುದ್ಧವಿಹಾರದಲ್ಲಿ ಭಂತೇಜಿ ಥರ ಮಾತಾಡಿ ಎಲ್ಲರನ್ನೂ ನಗಿಸಿ ಬೈಸ್ಕೊಂಡಿದ್ದೆ,” ಅಂದರು. ಭಂತೇಜಿ ಎಂದರೆ ವಿಹಾರದ ಬೌದ್ಧ ಭಿಕ್ಷುಗಳು.

“ಭಂತೇಜಿಯವ್ರೂ ನಕ್ಕಿದ್ರು ಆಂಟಿ.”

“ನಕ್ಕೇ ಬೈದಿದ್ದು. ಇವಳು ನನ್ನ ಮಗಳು. ಇವಳಿಗೊಂದು ಬೇಸ್ ಬೇಕಂತೆ. ಎಲ್ಲಾ ಸೇರಿ ಇಪ್ಪತ್ತು ಸಾವಿರ. ಅದರ ಮೇಲೆ ಕೇಳ್ಬೇಡ, ನನ್ನ ಹತ್ರ ಇಲ್ಲ.”

ಸುಜಾತಾಗೆ ಹತ್ತೊಂಬತ್ತು. ಕೆ.ಆರ್. ಪುರದ ಒಂದು ಔಷಧದಂಗಡಿಯಲ್ಲಿ ಕೆಲಸ, ಜೊತೆಗೆ ಓದು. ಅವರ ಬಡಾವಣೆಯಲ್ಲಿ ಬುದ್ಧನ ಹಾಡು, ಹೋರಾಟದ ಹಾಡು ಹಾಡುವ ತಂಡವೊಂದಿತ್ತು. ಅದರ ಬೇಸ್ ಬಾರಿಸುವವನು ಮದುವೆ ಆರ್ಕೆಸ್ಟ್ರಾ ಸೇರಿಕೊಂಡ ಮೇಲೆ ಜಾಗ ಖಾಲಿ. ತಂಡದ ಮುಖ್ಯಸ್ಥರು ಮುನಿರಾಜಣ್ಣ, ಸಿ.ವಿ. ರಾಮನ್ ನಗರದ ಒಂದು ಕಚೇರಿಯ ಕ್ಯಾಂಟೀನಿನಲ್ಲಿ ಮೂವತ್ತು ವರ್ಷ ಪಾತ್ರೆಗಳ ಸದ್ದಿನ ಮೇಲೆ ಕೂಗಿ ಬೆಳೆಸಿದ ಗಂಟಲು. ಅವರು ಸುಜಾತಾಗೆ ಒಂದು ಗಡುವು ಕೊಟ್ಟಿದ್ದರು: ಬುದ್ಧಪೂರ್ಣಿಮೆಯೊಳಗೆ ನಾಲ್ಕು ಹಾಡು ತಪ್ಪಿಲ್ಲದೆ ಬಾರಿಸಿದರೆ ಜಾಗ ಅವಳದು. ಇಲ್ಲವಾದರೆ ಕೀಬೋರ್ಡಿನ ನವೀನ ಎಡಗೈಯಲ್ಲೇ ಬೇಸ್ ತೂಗಿಸಿಕೊಳ್ಳುತ್ತಾನೆ, ಇನ್ನು ಮುಂದೆ ಆ ಜಾಗವೇ ಇರುವುದಿಲ್ಲ.

“ಎಲ್ಲಿ ಕಲಿತೆ?” ಎಂದು ಕೇಳಿದೆ.

“ಚರ್ಚ್ ಪಕ್ಕದ ಕ್ಲಾಸಲ್ಲಿ ಅಣ್ಣ. ಅಲ್ಲಿಯ ಬೇಸಲ್ಲೇ ಆರು ತಿಂಗಳು,” ಅಂದಳು. “ಮನೇಲಿ ಇಲ್ಲ. ಮನೇಲಿ ಒಲೆ ಊದೋ ಕೊಳವೆ ಮೇಲೆ ಬೆರಳು ಆಡಿಸ್ತೀನಿ.”

ನಾನು ಗೋಡೆಯಿಂದ ಕೆಂಪು ಬೇಸ್ ಇಳಿಸಿದೆ. ಬಣ್ಣ ಕಂಡು ಅವಳ ಕಣ್ಣು ಅರಳಿತು. “ನಾನು ಬಾರಿಸ್ಲಾ?” ಎಂದು ಕೈ ಚಾಚಿದಳು.

“ಮೊದ್ಲು ಸೌಂಡ್ ಕೇಳು,” ಎಂದು ದೊಡ್ಡ ಪೆಟ್ಟಿಗೆಗೆ ಜೋಡಿಸಿ ನಾನೇ ಬಾರಿಸಿದೆ.

ಈಗ ಯೋಚಿಸಿದರೆ ನನ್ನ ಹತ್ತು ವರ್ಷದ ತಪ್ಪುಗಳಲ್ಲಿ ದೊಡ್ಡದು ಅದೇ. ಒಬ್ಬ ಪಳಗಿದವನು ಎರಡು ನಿಮಿಷ ಮೆರೆದ ಮೇಲೆ ಯಾವ ಹೊಸಬರೂ ಅದೇ ವಾದ್ಯವನ್ನು ಎಲ್ಲರೆದುರು ಧೈರ್ಯವಾಗಿ ಮುಟ್ಟುವುದಿಲ್ಲ. ಸುಜಾತಾ ತೆಗೆದುಕೊಂಡು ದಪ್ಪ ತಂತಿಯಲ್ಲಿ ಎರಡು ಸ್ವರ ಮೀಟಿ, “ಚೆನ್ನಾಗಿದೆ” ಎಂದು ವಾಪಸು ಕೊಟ್ಟಳು. ಸರೋಜಮ್ಮ ಬೇಸನ್ನು ನೋಡಲೇ ಇಲ್ಲ. ಚೀಲ ತಿರುವಿ ಹಾಕಿ ಹೊಲಿಗೆ ನೋಡಿದರು, ಜಿಪ್ಪನ್ನು ಹತ್ತು ಸಲ ಎಳೆದರು.

“ಜಿಪ್ ವರ್ಷ ಬರಲ್ಲ ಕಣೋ.”

“ಬೇಸ್ ಬರತ್ತೆ ಆಂಟಿ.”

“ಅದು ನಿನ್ನ ಮಾತು. ಜಿಪ್ ನನ್ನ ಮಾತು,” ಎಂದು ದುಡ್ಡು ಕೊಟ್ಟರು.

ಆ ಕೆಂಪು ಬೇಸಿನ ತೆಳು ತಂತಿಯಲ್ಲಿ, ಐದನೇ ಫ್ರೆಟ್ಟಿನಲ್ಲಿ ಹಳ್ಳವಿತ್ತು. ಮಂಗಳವಾರವೇ ಹುಡುಕಿಟ್ಟಿದ್ದೆ. ಶನಿವಾರ ನನ್ನ ಬೆರಳು ಅದನ್ನು ಎಷ್ಟು ನಾಜೂಕಾಗಿ ದಾಟಿತೆಂದರೆ, ಪರಿಚಯದವರಿಗೆ ಹೇಳಬೇಕಿತ್ತಲ್ಲ ಎಂಬ ಯೋಚನೆ ಬರುವಷ್ಟರಲ್ಲಿ ಅವರು ಬಸ್ ಹತ್ತಿಯಾಗಿತ್ತು. ಅಟ್ಟದ ಮೇಲಿನಿಂದ ಅಕ್ರಮ್ ಭಾಯ್ ಅಂದು ‘ಸರ್ಕಸ್’ ಎನ್ನಲಿಲ್ಲ. ಬಗ್ಗಿ ನೋಡಿ, ಒಳಗೆ ಸರಿದರು.

ಮೂರು ವಾರ ಕಳೆಯಿತು. ಒಂದು ಬೆಳಿಗ್ಗೆ ನಾನು ತಿಂಡಿ ತಿನ್ನುತ್ತಿದ್ದೆ, ನಮ್ಮಮ್ಮ ಸೊಪ್ಪು ಬಿಡಿಸುತ್ತಿದ್ದರು.

“ಸರೋಜನ ಮಗಳು ಪಾಪ, ತುಂಬ ಬೇಜಾರಲ್ಲಿದಾಳಂತೆ ಕಣೋ,” ಅಂದರು. “ಬೆರಳಲ್ಲಿ ಬಲ ಇಲ್ಲ ಅಂದ್ಬಿಟ್ನಂತೆ ಮುನಿರಾಜ. ಹುಡುಗಿ ಕೈ, ಇಷ್ಟೇ ಆಗೋದು ಅಂತ.”

“ಯಾಕೆ? ಚೆನ್ನಾಗೇ ಹಿಡೀತಾಳಲ್ಲ.”

“ಎಲ್ಲಾ ಚೆನ್ನಾಗ್ ಬರತ್ತಂತೆ. ಪಲ್ಲವಿ ಮುಗಿಯೋವಾಗ ಮೇಲಿನ ‘ಸಾ’ದಲ್ಲಿ ನಿಲ್ಬೇಕಂತೆ, ಅದೊಂದು ನಿಲ್ಲಲ್ಲ. ಸತ್ತೋಗತ್ತಂತೆ. ಬೆಳಗ್ಗೆ ಸಂಜೆ ರಬ್ಬರ್ ಚೆಂಡು ಹಿಸುಕ್ತಾಳೆ ಅಂತ ಸರೋಜ ಹೇಳ್ತಿದ್ಲು. ಬೆರಳು ಗಟ್ಟಿಯಾಗ್ಲಿ ಅಂತ.”

ಕೈಯಲ್ಲಿದ್ದ ಇಡ್ಲಿ ತುಂಡನ್ನು ತಟ್ಟೆಗೆ ವಾಪಸು ಇಟ್ಟೆ. ಮುನಿರಾಜಣ್ಣನ ಶ್ರುತಿಗೆ ಮೇಲಿನ ‘ಸಾ’ ಸರಿಯಾಗಿ ತೆಳು ತಂತಿಯ ಐದನೇ ಫ್ರೆಟ್ಟಿಗೇ ಬೀಳುತ್ತದೆ. ಆ ಜಾಗದಲ್ಲಿ ಪೈಲ್ವಾನ್ ಒತ್ತಿದರೂ ಸ್ವರ ನಿಲ್ಲುವುದಿಲ್ಲ. ಹುಡುಗಿ ಚೆಂಡು ಹಿಸುಕುತ್ತಿದ್ದಾಳೆ.

“ಯಾಕೋ, ಚಟ್ನಿ ಖಾರಾನಾ?”

“ಹೂಂ,” ಅಂದೆ.

ಪೂರ್ಣಿಮೆಗೆ ಇನ್ನು ಮೂರೇ ವಾರ. ಭಾನುವಾರ ಬೆಳಿಗ್ಗೆ ಮಹದೇವಪುರದ ವಿಹಾರದ ಹಿಂದಿನ ಹಾಲಿಗೆ ಹೋದೆ. ತಾಲೀಮು ನಡೆಯುತ್ತಿತ್ತು. ಹೆಂಗಸರು ಗಂಡಸರು ಸೇರಿ ಹನ್ನೊಂದು ಜನ. ಮೂಲೆಯಲ್ಲಿ ಕೆಂಪು ಬೇಸ್ ಹಾಕಿಕೊಂಡ ಸುಜಾತಾ; ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸರೋಜಮ್ಮ. ‘ಇದರಲ್ಲಿ ಒಂದು ಕೆಟ್ಟ ಜಾಗ ಇದೆ, ನಾನು ಹೇಳಲಿಲ್ಲ, ತಪ್ಪಾಯಿತು’ ಎಂಬ ಮಾತನ್ನು ಬಸ್ಸಿನಲ್ಲಿ ಮೂರು ದನಿಯಲ್ಲಿ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ನನ್ನ ದನಿಯೊಂದು ಬಿಟ್ಟು ಉಳಿದೆಲ್ಲದರಲ್ಲೂ ಚೆನ್ನಾಗಿ ಬಂದಿತ್ತು.

ನಾನು ಬಾಯಿ ತೆರೆಯುವ ಮೊದಲೇ ಮುನಿರಾಜಣ್ಣ ಶುರು ಮಾಡಿದರು. “ಬಾರಪ್ಪಾ ಗೌತಮ! ನೀನೇ ಅಲ್ವ ಇದನ್ನ ಕೊಟ್ಟಿದ್ದು? ಗಿಟಾರ್ ಸರಿ ಇಲ್ವೋ ಹುಡುಗಿ ಸರಿ ಇಲ್ವೋ ಇವತ್ತು ಗೊತ್ತಾಗ್ಲಿ. ತಗೋ, ಬಾರ್ಸು.”

ಸುಜಾತಾ ಪಟ್ಟಿ ಕಳಚಿ ಕೊಟ್ಟಳು. ನವೀನ ಕೀಬೋರ್ಡಿನಲ್ಲಿ ಹಾಡು ಎತ್ತಿದ. ನಾನು ಸೇರಿಕೊಂಡೆ. ಪಲ್ಲವಿ ಮುಗಿಯುವ ಜಾಗ ಬಂತು. ನಾನು ನಿಜ ಹೇಳಲು ಬಂದವನು. ನನ್ನ ಬೆರಳು ಮಾರಲು ಬಂದದ್ದು. ಅದು ಮೇಲಿನ ‘ಸಾ’ಕ್ಕೆ ಹೋಗದೆ, ಕೆಳಗಿನ ದಪ್ಪ ತಂತಿಯ ‘ಸಾ’ಕ್ಕೆ ಜಾರಿ, ಅಲ್ಲಿ ನಾಲ್ಕು ಎಣಿಕೆ ಗುಂಯ್ ಎಂದು ನಿಂತಿತು. ನನ್ನಾಣೆ, ನಾನು ಹೇಳಿ ಮಾಡಿಸಿದ್ದಲ್ಲ. ಹಾಡು ಮುಗಿದಾಗ ತಂಡದವರು ಚಪ್ಪಾಳೆ ತಟ್ಟಿದರು.

ಮುನಿರಾಜಣ್ಣ ಸುಜಾತಾಳ ಕಡೆ ತಿರುಗಿದರು. ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಮೆತ್ತಗೆ, “ನೋಡ್ದೇನವ್ವ? ಗಿಟಾರ್ ಚಿನ್ನದಂಥದ್ದು. ನಿನ್ನ ತಪ್ಪೇನಿಲ್ಲ, ಕೈ ಇರೋದೇ ಹಾಗೆ. ನವೀನನೇ ನೋಡ್ಕೊಳ್ಳಿ ಬಿಡು,” ಅಂದರು.

ಚಪ್ಪಾಳೆ ಎಂಥ ವಸ್ತು ಎಂದರೆ, ಆಗಲೂ ನಾನು ಒಂದು ಕ್ಷಣ ಅದು ಮುಗಿಯಲಿ ಎಂದು ಕಾದೆ.

ಸುಜಾತಾ ತಲೆ ಎತ್ತಿದಳು. “ಅಣ್ಣ, ನೀವು ಮೇಲಿನ ‘ಸಾ’ ಬಾರಿಸ್ಲೇ ಇಲ್ಲ.”

“ಕೆಳಗಿನ ‘ಸಾ’ ಬಾರಿಸಿದ್ನಲ್ಲಮ್ಮ. ಎರಡೂ ಒಂದೇ,” ಅಂದೆ. ಅಂಗಡಿಯ ದನಿ ತಾನಾಗಿ ಬಂತು.

“ಒಂದೇ ಆದ್ರೆ ಮೇಲಿಂದು ಬಾರ್ಸಿ.”

ನಾನು ಐದನೇ ಫ್ರೆಟ್ ಒತ್ತಿ ಮೀಟಿದೆ. ಠುಪ್.

“ಇನ್ನೊಂದ್ಸಲ,” ಅಂದಳು.

ಠುಪ್.

“ನಿನ್ನ ಕೈಯಲ್ಲೂ ಬಲ ಇಲ್ವಾ?” ಎಂದರು ಮುನಿರಾಜಣ್ಣ.

“ಕೈದಲ್ಲ ಅಣ್ಣ. ಕತ್ತಿಂದು. ಈ ಬೇಸಲ್ಲಿ ಆ ಜಾಗ ಸತ್ತಿದೆ. ಯಾರು ಒತ್ತಿದ್ರೂ ಇಷ್ಟೇ.” ಈ ಸಲ ನನ್ನದೇ ದನಿಯಲ್ಲಿ ಬಂತು, ಬಹಳ ಕೀರಲಾಗಿತ್ತು. “ನಂಗೆ ಗೊತ್ತಿತ್ತು. ಮಾರೋಕ್ ಮುಂಚೇನೇ ಗೊತ್ತಿತ್ತು. ಡೆಮೊ ಕೊಡೋವಾಗ ಅಲ್ಲಿಗೆ ಹೋಗ್ಲಿಲ್ಲ.”

ಮುನಿರಾಜಣ್ಣ ನಂಬಲಿಲ್ಲ. ಬೇಸನ್ನು ಮಡಿಲಲ್ಲಿ ಇಟ್ಟುಕೊಂಡು, ಕ್ಯಾಂಟೀನಿನ ದೊಡ್ಡ ಪಾತ್ರೆ ಎತ್ತಿದ ಹೆಬ್ಬೆರಳಿನಿಂದ ಒತ್ತಿ ಮೀಟಿದರು. ಠುಪ್. ಬೆರಳನ್ನು ಪಂಚೆಗೆ ಒರೆಸಿಕೊಂಡು ಮತ್ತೆ ಮೀಟಿದರು. ಠುಪ್. ಆಮೇಲೆ ಬೇಸ್ ಕೆಳಗಿಟ್ಟು, ಸುಜಾತಾಳ ಕಡೆ ನೋಡದೆ ಹೇಳಿದರು: “ಬೇರೆ ತರ್ಲಿ. ನಾಲ್ಕು ಹಾಡು ಅಂದ್ರೆ ನಾಲ್ಕು ಹಾಡು. ಪೂರ್ಣಿಮೆ ಏನು ಮುಂದಕ್ಕೆ ಹೋಗಲ್ಲ.”

ಸರೋಜಮ್ಮ ಬೇಸನ್ನು ಚೀಲಕ್ಕೆ ಹಾಕಿ ಜಿಪ್ ಎಳೆದರು.

“ನಿಮ್ಮಮ್ಮಂಗೆ ಗೊತ್ತಾ ಇದು?”

“ಇಲ್ಲ ಆಂಟಿ.”

“ಗೊತ್ತಾಗತ್ತೆ,” ಅಂದರು.

ಮರುದಿನ ಮೂವರೂ ಅಂಗಡಿಯಲ್ಲಿದ್ದೆವು. ಜಯಶೀಲನ್ ಸಾರ್ ಕನ್ನಡಕ ತೆಗೆದು, ಊದಿ, ಒರೆಸಿ ಹಾಕಿಕೊಂಡರು.

“ಡೇಯ್, ಅದು ಫಾಲ್ಟ್ ಅಲ್ಲ. ನೇಚರ್. ಮರ ಅಂದ್ಮೇಲೆ ಹಾಗೇ.”

“ನೇಚರ್ ಸಾರ್. ಆದ್ರೆ ನಾವು ಹೇಳ್ಲಿಲ್ಲ.”

“ಯಾರು ಹೇಳ್ತಾರೆ? ಈ ರೋಡಲ್ಲಿ ಯಾರಾದ್ರೂ ಹೇಳ್ತಾರಾ? ಹಣ್ಣಿನವನು ಹೇಳ್ತಾನಾ, ಕೆಳಗಡೆದು ಕೊಳೆತಿದೆ ಅಂತ?”

ಅಟ್ಟದಿಂದ ಅಕ್ರಮ್ ಭಾಯ್ ದನಿ ಬಂತು. “ಸಾಬ್, ಹಣ್ಣಿನವನು ಕೊಳೆತದ್ದು ಕೊಟ್ರೆ ಜನ ಹಣ್ಣಿನವನಿಗೇ ಬೈತಾರೆ. ನಮ್ದು ಹಂಗಲ್ಲ. ನಮ್ದು ಕೊಳೆತ್ರೆ ಈ ಬಚ್ಚೀಗೆ ಬೈತಾರೆ.”

ಸಾರ್ ಮೇಲೆ ನೋಡಿದರು, ಕೆಳಗೆ ನೋಡಿದರು, ಸರೋಜಮ್ಮನ ಮುಖ ನೋಡಿದರು. ಗಿರಾಕಿಯ ಮುಖ ಓದುವುದರಲ್ಲಿ ಅವರು ಎತ್ತಿದ ಕೈ. “ಸರಿ. ಬದಲಾಯಿಸ್ಕೊಳ್ಳಿ. ಅದೇ ಬೆಲೇದು,” ಅಂದರು.

ಸುಜಾತಾ ತನ್ನದೂ ಒಂದು ಷರತ್ತು ಹಾಕಿದಳು. “ಅಣ್ಣ ಮುಟ್ಬಾರ್ದು.”

ನಾನು ಎರಡೂ ಕೈ ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಎಂಟು ವರ್ಷದಲ್ಲಿ ಮೊದಲ ಸಲ ಒಬ್ಬರು ಬೇಸ್ ಆರಿಸುವುದನ್ನು ಸುಮ್ಮನೆ ನಿಂತು ನೋಡಿದೆ. ಇಂದಿರಾನಗರದ ಗೆಳೆಯರೇ, ಓದುವುದಿದ್ದರೆ ಈ ಭಾಗ ಓದಿ, ಉಳಿದದ್ದು ಬಿಟ್ಟರೂ ನಡೆಯುತ್ತದೆ.

ದೊಡ್ಡ ಪೆಟ್ಟಿಗೆಗೆ ಜೋಡಿಸಲು ಬಿಡಲಿಲ್ಲ. ಕೆಂಪು ಬೇಸಿನ ಜೊತೆ ಕೊಂಡಿದ್ದಂಥದೇ ಸಣ್ಣ ಪೆಟ್ಟಿಗೆ ತರಿಸಿದಳು. ಅಂಗಡಿಯಲ್ಲಿದ್ದ ಅವಳ ಬೆಲೆಯ ಐದೂ ಬೇಸನ್ನು ಸಾಲಾಗಿ ಇಡಿಸಿದಳು. ಹಾಡು ಬಾರಿಸಲೇ ಇಲ್ಲ. ಮೊದಲ ಬೇಸಿನ ತೆಳು ತಂತಿ, ಮೊದಲ ಫ್ರೆಟ್. ಮೀಟಿ, ನಾಲ್ಕು ಎಣಿಸಿ, ಮುಂದಿನದು. ತಂತಿಯಾದ ಮೇಲೆ ತಂತಿ, ಬೇಸ್ ಆದ ಮೇಲೆ ಬೇಸ್. ಕೇಳುವುದಕ್ಕೆ ಇದರಷ್ಟು ಬೇಸರದ ಸಂಗೀತ ಲೋಕದಲ್ಲಿಲ್ಲ. ಇಬ್ಬರು ಗಿರಾಕಿಗಳು ಬಂದು ಹೋದರು. ಸಾರ್ ಟೀ ತರಿಸಿದರು, ಪೇಪರ್ ಓದಿದರು, ಆಮೇಲೆ ಅದೇ ಪೇಪರನ್ನು ಹಿಂದಿನಿಂದ ಓದಿದರು. ಒಂದರಲ್ಲಿ ಗುಂಡಿ ಕರಕರ ಎಂದಿತು, ತೆಗೆದಿಟ್ಟಳು. ಇನ್ನೊಂದನ್ನು ಪಟ್ಟಿ ಹಾಕಿ ನಿಂತು ಕೈಬಿಟ್ಟಳು; ಅದು ಬಸವರಾಜರದರ ಹಾಗೆ ಬಾಗಿತು, ತೆಗೆದಿಟ್ಟಳು. ಮೂರನೆಯದು ಚೆನ್ನಾಗಿತ್ತು, ಆದರೆ ಅವಳ ಗಿಡ್ಡ ಬೆರಳಿಗೆ ಮೊದಲ ಫ್ರೆಟ್ ದೂರವಾಯಿತು.

ನಾಲ್ಕನೆಯದರ ಕತ್ತೂ ಅಷ್ಟೇ ಉದ್ದ. ಕೊನೆಗೆ ಉಳಿದದ್ದು ಯಾರೋ ಬಳಸಿ ಮಾರಿಹೋದದ್ದು. ಹಳೆಯ ಸರ್ಕಾರಿ ಜೀಪಿನ ಹಸಿರು, ಅಲ್ಲಲ್ಲಿ ಬಣ್ಣ ಎದ್ದುಹೋಗಿತ್ತು, ಕತ್ತು ಉಳಿದವಕ್ಕಿಂತ ಗಿಡ್ಡ. ವರ್ಷದಿಂದ ಮೂಲೆಯಲ್ಲಿತ್ತು; ನಾನು ಅದನ್ನು ಯಾರಿಗೂ ಬಾರಿಸಿ ತೋರಿಸಿರಲಿಲ್ಲ, ನನ್ನ ಅಂದಕ್ಕೆ ಅದು ಹೊಂದುತ್ತಿರಲಿಲ್ಲ. ಸರೋಜಮ್ಮ ಎತ್ತಿ ನೋಡಿ, “ಹೊಲಿಗೆ ಮಿಷಿನ್ ತಲೆಗಿಂತ ಹಗುರ,” ಎಂದರು. ಸುಜಾತಾ ತೆಳು ತಂತಿಯ ಐದನೇ ಫ್ರೆಟ್ ಮೀಟಿದಳು. ನಿಂತಿತು. ನಾಲ್ಕು, ಐದು, ಆರು ಎಣಿಕೆ. ಮುಂದೆ ಹೋದಳು. ದಪ್ಪ ತಂತಿಯ ಹನ್ನೊಂದನೆಯದಕ್ಕೆ ಬಂದಾಗ: ಠುಪ್.

“ನೋಡಮ್ಮಾ, ಇದ್ರಲ್ಲೂ ಇದೆ,” ಅಂದರು ಸಾರ್, ಗೆದ್ದವರ ಹಾಗೆ.

“ಇರ್ಲಿ ಅಂಕಲ್. ಅಲ್ಲಿ ನಂಗೇನೂ ಕೆಲಸ ಇಲ್ಲ,” ಅಂದಳು.

ಕೆಟ್ಟ ಜಾಗವಿಲ್ಲದ ಬೇಸ್ ಹುಡುಕುತ್ತಾ ಹೋದರೆ ಇಪ್ಪತ್ತು ಸಾವಿರವೂ ಸಾಲದು, ಆಯಸ್ಸೂ ಸಾಲದು. ನಿನ್ನ ಹಾಡು ಹೋಗದ ಕಡೆ ಅದು ಕೆಟ್ಟಿದ್ದರೆ ಸಾಕು. ಇಷ್ಟು ಸರಳ ಮಾತು ನನಗೆ ಯಾವ ವಿಡಿಯೊದಲ್ಲೂ ಸಿಕ್ಕಿರಲಿಲ್ಲ. ಹಸಿರು ಬೇಸಿನ ಬೆಲೆ ಕೆಂಪಿನದಕ್ಕಿಂತ ಕಡಿಮೆಯಿತ್ತು. ಉಳಿದ ದುಡ್ಡಿಗೆ ಅಕ್ರಮ್ ಭಾಯ್ ಹೊಸ ತಂತಿ ಹಾಕಿ, ಕತ್ತಿನೊಳಗಿನ ಸರಳನ್ನು ತಿರುಪಿ, ತಂತಿಗಳನ್ನು ಅವಳ ಬೆರಳಿಗೆ ತಗ್ಗಿಸಿಕೊಟ್ಟರು. ಕೊಡುವಾಗ “ಚೆಂಡು ಹಿಸುಕೋದು ಬಿಟ್ಬಿಡು ಬೇಟಾ,” ಅಂದರು. ಆ ವಿಷಯ ಅವರಿಗೆ ಹೇಳಿದ್ದು ನಾನೇ. ಸರೋಜಮ್ಮ ಚೀಲದ ಜಿಪ್ಪನ್ನು ತಾವೇ ಬದಲಾಯಿಸಿ ತಂದಿದ್ದರು.

ಅಲ್ಲಿಂದ ಮುಂದೆ ಗಿರಾಕಿ ಬಂದರೆ ಮೊದಲು ಅವರ ಕೈಗೇ ಕೊಡುತ್ತಿದ್ದೆ, ಕೆಟ್ಟ ಜಾಗ ಎಲ್ಲಿದೆ ಎಂದು ತೋರಿಸಿಯೇ ಮಾರುತ್ತಿದ್ದೆ. ಕೆಲವರು ಮೆಚ್ಚಿದರು. ಹೆಚ್ಚಿನವರು ‘ಇವನ ಹತ್ತಿರ ಎಲ್ಲಾ ಕೆಟ್ಟ ಮಾಲೇ’ ಎಂದು ಪಕ್ಕದ ಗಲ್ಲಿಗೆ ಹೋದರು. “ಹರಿಶ್ಚಂದ್ರ ಬಂದ,” ಎಂದು ಸಾರ್ ನನ್ನನ್ನು ಆಡಿಕೊಳ್ಳುತ್ತಿದ್ದರು. ನಾನು ಬದಲಾದೆ ಎಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ; ಒಬ್ಬನೇ ಇರುವಾಗ ಇಂದಿಗೂ ಬೆರಳು ಹಳ್ಳ ತಪ್ಪಿಸಿಯೇ ಓಡುತ್ತದೆ. ನಮ್ಮಮ್ಮನಿಗೆ ವಿಷಯ ತಿಳಿದ ದಿನದ ಬಗ್ಗೆ ಬರೆಯುವುದಿಲ್ಲ. ಅನುಭವ ಕಥನದಲ್ಲೂ ಒಂದು ಮರ್ಯಾದೆ ಇರಬೇಕು.

ಪೂರ್ಣಿಮೆಯ ಹಿಂದಿನ ಭಾನುವಾರ ಕೊನೆಯ ತಾಲೀಮು. ನನ್ನನ್ನು ಯಾರೂ ಕರೆದಿರಲಿಲ್ಲ. ಹೋಗಿ ಬಾಗಿಲ ಬಳಿ, ಸರೋಜಮ್ಮನ ಕುರ್ಚಿಯ ಪಕ್ಕ ನಿಂತೆ. ಮೊದಲ ಹಾಡು ಶುರುವಾಯಿತು. ಮುನಿರಾಜಣ್ಣ ಪಲ್ಲವಿಯನ್ನು ಏರಿಸಿ ತಂದು ಬಿಟ್ಟರು. ಸುಜಾತಾಳ ಕಿರುಬೆರಳು ಮೇಲಿನ ‘ಸಾ’ ಹಿಡಿಯಿತು. ಸ್ವರ ನಾಲ್ಕೂ ಎಣಿಕೆ ಹಾಗೇ ನಿಂತು, ಐದನೆಯದಕ್ಕೆ ಅವಳೇ ಬಿಟ್ಟಳು. ಸರೋಜಮ್ಮ ಸೆರಗಿನ ಅಂಚಿನಲ್ಲಿ ಎಣಿಸುತ್ತಿದ್ದ ಬೆರಳನ್ನು ಮಡಚಿಕೊಂಡರು. ಹಾಡು ಮುಗಿಯಿತು, ಎರಡನೆಯದೂ ಮುಗಿಯಿತು, ಮೂರನೆಯದೂ. ಮುನಿರಾಜಣ್ಣ ನೀರು ಕುಡಿದರು.

ನಾಲ್ಕನೆಯದಕ್ಕೆ ಕೈ ಎತ್ತಿದರು. ನವೀನ ಕೀಬೋರ್ಡ್ ಶುರು ಮಾಡಿಯೇಬಿಟ್ಟ. ಸುಜಾತಾ ಇನ್ನೂ ಬಗ್ಗಿ, ಕಿವಿ ತಂತಿಗೆ ಕೊಟ್ಟು, ಬಿರಡೆ ತಿರುಗಿಸುತ್ತಿದ್ದಳು. ಹೊಸ ತಂತಿ, ಒಂದು ಕೂದಲೆಳೆ ಇಳಿದಿತ್ತು.

ಮುನಿರಾಜಣ್ಣ ಎತ್ತಿದ ಕೈಯನ್ನು ಹಾಗೇ ನವೀನನ ಕಡೆ ಅಡ್ಡ ಹಿಡಿದರು. “ನಿಲ್ಸಪ್ಪ. ಬೇಸ್ ಆಗ್ಲಿ.”

“ಒಂದ್ನಿಮಿಷ ಮಾಮ,” ಅಂದಳು ಸುಜಾತಾ, ತಲೆ ಎತ್ತದೆ.

“ಹೂಂ, ನೋಡ್ಕೊಳವ್ವ.”

ಡೋಲಿನವನು ಕೈ ಕಟ್ಟಿ ಕೂತ. ಹಾಡುವ ಹೆಂಗಸರು ಪುಸ್ತಕದಲ್ಲಿ ಬೆರಳಿಟ್ಟು ಕಾದರು. ಅವಳು ತೆಗೆದುಕೊಂಡದ್ದು ಒಂದು ನಿಮಿಷಕ್ಕಿಂತ ಹೆಚ್ಚು. ತಂತಿ ಏರಿಸಿದಳು, ಇಳಿಸಿದಳು, ಮೀಟಿ ಕೇಳಿದಳು, ಮತ್ತೆ ಒಂದು ಸುತ್ತು ಏರಿಸಿದಳು. ಕೊನೆಗೆ ನೆಟ್ಟಗೆ ನಿಂತು, ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡು, “ಆಯ್ತು,” ಅಂದಳು.

ಆಗ ಮುನಿರಾಜಣ್ಣ ಹಾಡು ಎತ್ತಿಕೊಂಡರು.